ವಾರಿಜಕ್ಕನ ಎರಡು ಕ್ಲಿಕ್ಕು

ಕರೆಂಟು ಹೋಗಬಹುದಿತ್ತು. ಬ್ಯಾಟರಿ ಕೈಕೊಡಬಹುದಿತ್ತು, ಅದಕ್ಕೆಂದೇ ಮೂರು ತಂದಿದ್ದೆ, ಮೂರೂ ಒಟ್ಟಿಗೆ ಕೈಕೊಡಬಹುದಿತ್ತು. ಮೆಮೊರಿ ಕಾರ್ಡು ಕೆಡಬಹುದಿತ್ತು. ನಮ್ಮೂರಿನ ಮಳೆಗಾಲ ಲೆನ್ಸಿನೊಳಗೆ ಫಂಗಸ್ ಬೆಳೆಸಿರಬಹುದಿತ್ತು. ಶಿರ್ತಾಡಿಯಿಂದ ಮೂಡುಬಿದಿರೆಗೆ ಬರುವ ಬಸ್ಸು ಪಂಕ್ಚರಾಗಬಹುದಿತ್ತು. ನಾನು ಕಾರಿನಲ್ಲಿ ಬಂದಿದ್ದೆ ಎಂಬುದು ಬೇರೆ ಮಾತು, ಚಿಂತೆಗೆ ಅಷ್ಟೆಲ್ಲ ವಿವರ ಬೇಕಾಗುವುದಿಲ್ಲ. ನನ್ನ ಕೈ ನಡುಗಬಹುದಿತ್ತು. ಎಲ್ಲಕ್ಕಿಂತ ದೊಡ್ಡದು, ವಾರಿಜಕ್ಕ "ಬೇಡ ಮಾರಾಯ್ತಿ, ಮನಸ್ಸಿಲ್ಲ" ಎಂದು ಸ್ಟೂಲಿನಿಂದ ಎದ್ದುಬಿಡಬಹುದಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರದ ಕಟ್ಟಡವೊಂದರ ಮಾಳಿಗೆಯಲ್ಲಿ ನಲವತ್ತು ವರ್ಷ ಸ್ಟುಡಿಯೋ ನಡೆಸಿದವರು ವಾರಿಜಕ್ಕ. ಊರಿನ ಅರ್ಧದಷ್ಟು ಮುಖಗಳನ್ನು ಅವರು ತೆಗೆದಿದ್ದರು. ಅವರದೇ ಒಂದು ಒಳ್ಳೆಯ ಫೋಟೋ ಮಾತ್ರ ಎಲ್ಲಿಯೂ ಇರಲಿಲ್ಲ. ಆಧಾರ್ ಕಾರ್ಡಿನದ್ದು ಉಂಟಲ್ಲ ಎಂದರೆ, "ಅದನ್ನು ಫೋಟೋ ಹೇಳ್ಬೇಡ" ಎಂದು ಸಿಟ್ಟಾಗುತ್ತಿದ್ದರು. ನಾವು ಯಾರು ಕೇಳಿದರೂ ಕೂರುತ್ತಿರಲಿಲ್ಲ. ಕಾಯಿಲೆ ಬಿದ್ದು, ಸ್ಟುಡಿಯೋ ಬಿಟ್ಟುಕೊಡುವುದು ಎಂದು ತೀರ್ಮಾನವಾದ ವಾರ ತಾವಾಗಿಯೇ ಫೋನು ಮಾಡಿದರು.

"ಬಾ. ಕ್ಯಾಮೆರಾ ತಾ. ನನ್ನದೊಂದು ತೆಗಿ. ಎರಡೇ ಕ್ಲಿಕ್ಕು. ನಾನು ಯಾರಿಗೂ ಮೂರನೆಯದು ತೆಗೆದವಳಲ್ಲ, ನೀನೂ ತೆಗಿಲಿಕ್ಕಿಲ್ಲ."

ಈ ಎರಡರ ಲೆಕ್ಕ, ಒಂದೊಂದು ಕ್ಲಿಕ್ಕಿಗೂ ದುಡ್ಡು ಬೀಳುತ್ತಿದ್ದ ರೀಲಿನ ಕಾಲದ್ದು. ವಾರಿಜಕ್ಕನ ಅಣ್ಣ ಬಹರೈನಿಗೆ ಹೋಗುವಾಗ "ಎರಡು ವರ್ಷ ಧೂಳು ಹೊಡೆದು ಇಟ್ಟುಕೋ" ಎಂದು ಸ್ಟುಡಿಯೋದ ಬೀಗದ ಕೈ ಕೊಟ್ಟಿದ್ದನಂತೆ. ಅವನು ಅಲ್ಲಿಯೇ ಉಳಿದ. ಇವರು ಧೂಳು ಹೊಡೆಯುತ್ತ ಹೊಡೆಯುತ್ತ ಕ್ಯಾಮೆರಾ ಕಲಿತರು. ಹೆಂಗಸು ತೆಗೆಯುತ್ತಾಳೆ ಎಂದು ಮೊದಲು ನಕ್ಕವರೇ ಆಮೇಲೆ, ಹೆಂಗಸು ತೆಗೆಯುತ್ತಾಳೆ ಎಂಬ ಧೈರ್ಯದಿಂದ ಹೆಂಡತಿಯನ್ನೂ ಮಗಳನ್ನೂ ಪಾಸ್‌ಪೋರ್ಟ್ ಫೋಟೋಕ್ಕೆ ಕರೆತಂದರು.

ಎಲ್ಲರ ಹಾಗೆ ಅವರು ಮಾತಾಡುವುದು ತುಳುವಿನಲ್ಲಿ. ಕ್ಯಾಮೆರಾದ ಹಿಂದೆ ನಿಂತರೆ ಮಾತ್ರ ಶಾಲೆಯ ಕನ್ನಡ, ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ. "ನಗಿ" ಎಂದು ಯಾರಿಗೂ ಹೇಳಿದವರಲ್ಲ. "ನಗಿ ಹೇಳಿದರೆ ಹಲ್ಲು ಬರ್ತದೆ, ಮನುಷ್ಯ ಬರುವುದಿಲ್ಲ" ಎನ್ನುತ್ತಿದ್ದರು. ಬದಲಿಗೆ, "ಮಧ್ಯಾಹ್ನಕ್ಕೆ ಏನು ಪದಾರ್ಥ?" ಎಂದು ಊಟದ ಸಾರು, ಪಲ್ಯ ವಿಚಾರಿಸುವುದು. ಎದುರಿನವರು "ಬಂಗುಡೆ" ಎನ್ನುವಾಗ ಮುಖದಲ್ಲಿ ಏನೋ ಒಂದು ಸಡಿಲವಾಗುತ್ತದೆ, ಕ್ಲಿಕ್ಕು ಅಲ್ಲಿ. ಮೀನು ತಿನ್ನದ ಮನೆಯವರಾದರೆ ಪತ್ರೊಡೆ, ಹಪ್ಪಳ. ಯಾರಿಗೆ ಯಾವುದು ಎಂದು ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತಿತ್ತು ಅವರಿಗೆ.

ಸ್ಟುಡಿಯೋದಲ್ಲಿ ಒಂದೇ ಒಂದು ಕರಿ ಕೋಟು ಇತ್ತು. ಗಲ್ಫಿಗೆ ಹೊರಟ ಸಪೂರದ ಹುಡುಗರೂ, ಬ್ಯಾಂಕಿನ ದಪ್ಪ ಮ್ಯಾನೇಜರೂ ಅದರೊಳಗೇ ಹೋಗಬೇಕು. ಸಪೂರದವರಿಗೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ನಾಲ್ಕು ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಿದ್ದರು. ಎದುರಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಶಿರ್ತಾಡಿಯ ಒಬ್ಬ ಕ್ಲಿಪ್ಪು ಸಮೇತ ಕೋಟು ಹಾಕಿಕೊಂಡೇ ಬಸ್ಸು ಹತ್ತಿದ್ದ. ಸಂಜೆ ಅವನ ತಾಯಿಯೇ ಕೋಟು ಹಿಡಿದು ಬಂದು, "ನನ್ನ ಮಗನಿಗೆ ಹಿಂದೆ ಇದು ಏನು ಕಟ್ಟಿ ಕಳಿಸಿದ್ದು ನೀವು?" ಎಂದು ಜಗಳಕ್ಕೇ ನಿಂತಳು. ವಾರಿಜಕ್ಕ ಅವಳನ್ನು ಕೂರಿಸಿ, ಚಹಾ ತರಿಸಿ, ಅವಳದ್ದೂ ಒಂದು ಫೋಟೋ ತೆಗೆದು ಕಳಿಸಿದರು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಆಗಲೂ ಹೀಗೆಯೇ ಇದ್ದೆ. ರೀಲು ಸರಿಯಾಗಿ ಕಚ್ಚಿಕೊಂಡಿದೆಯೇ ಎಂದು ಕ್ಯಾಮೆರಾ ತೆರೆದು ನೋಡಿ, ಬೆಳಕು ತಾಗಿಸಿ, ಇದ್ದ ರೀಲನ್ನೂ ಹಾಳು ಮಾಡಿದವಳು. ವಾರಿಜಕ್ಕ ಬೈಯಲಿಲ್ಲ. "ನಿನ್ನ ಹೆದರಿಕೆಗೆ ಒಂದು ಕೆಲಸ ಕೊಡುವ" ಎಂದರು. "ಕ್ಲಿಕ್ಕಿಗೆ ಮೊದಲು ಎಡ ಭುಜ ನೋಡು, ಬಲ ಭುಜ ನೋಡು, ಆಮೇಲೆ ಮುಖ. ಮುಖ ಎಲ್ಲರೂ ನೋಡ್ತಾರೆ. ಕ್ಲಿಪ್ಪು ಕಂಡರೆ ಮರ್ಯಾದೆ ಹೋಗುವುದು ನಮ್ಮದು."

ಬೆಳ್ತಂಗಡಿ ಕಡೆಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದದ್ದು ಅದೇ ವರ್ಷ. ಸಂಬಂಧಕ್ಕೆ ಕಳಿಸುವ ಫೋಟೋ. ಹುಡುಗಿ ಗೋಡೆ ನೋಡುತ್ತಿದ್ದಳು. ತಾಯಿ ಮೆಲ್ಲಗೆ, "ಸ್ವಲ್ಪ ಬಿಳಿ ಮಾಡ್ಲಿಕ್ಕೆ ಆಗ್ತದಾ?" ಎಂದರು.

"ಬಣ್ಣ ನನ್ನ ಹತ್ತಿರ ಇಲ್ಲಮ್ಮ. ಬೆಳಕು ಮಾತ್ರ ಉಂಟು," ಎಂದರು ವಾರಿಜಕ್ಕ.

ದೊಡ್ಡ ಲೈಟು ಆರಿಸಿದರು. ಪರದೆಯ ಬದಲು ಬಿಳಿ ಮುಂಡು ಪಂಚೆ ಕಟ್ಟಿದ ಕಿಟಕಿಯ ಪಕ್ಕ ಹುಡುಗಿಯನ್ನು ಕೂರಿಸಿ, ಬೆಳಕನ್ನು ಮುಖಕ್ಕೆ ತಿರುಗಿಸುವ ಥರ್ಮೋಕೋಲು ಹಲಗೆ ಹಿಡಿಯಲು ನನ್ನನ್ನು ನಿಲ್ಲಿಸಿದರು. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಇನ್ನೊಂದು ಬೆರಳು ಎಡಕ್ಕೆ. ನನ್ನ ತೋಳು ಸತ್ತುಹೋಯಿತು. ವಾರಿಜಕ್ಕನ ಒಂದು ಕಣ್ಣು ಅರ್ಧ ಮುಚ್ಚಿತ್ತು, ಕೆಳತುಟಿ ಒಂದು ಚೂರು ಮುಂದೆ ಬಂದಿತ್ತು. ಬೆಳಕು ಅಳೆಯುವಾಗ ಅವರ ಮುಖ ಯಾವಾಗಲೂ ಹಾಗೆಯೇ, ಅಕ್ಕಸಾಲಿಗ ಚಿನ್ನ ನೋಡಿದ ಹಾಗೆ. ನಾಲ್ಕು ದಿನ ಬಿಟ್ಟು ಬಂದ ಹುಡುಗಿ ಪ್ರಿಂಟನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು. ಬಣ್ಣ ಅವಳದೇ, ಆದರೆ ಕೆನ್ನೆಯ ಮೇಲೆ ಬೆಳಕು ಬಂದು ಕೂತಿತ್ತು. "ಅಮ್ಮ, ಇದನ್ನು ಯಾರಿಗೂ ಕಳಿಸುವುದು ಬೇಡ. ನನಗೇ ಇರಲಿ," ಎಂದಳು. ತಾಯಿ ಇನ್ನೊಂದು ಪ್ರತಿ ಮಾಡಿಕೊಡಲು ಹೇಳಿದರು.

ಮುಂದೆ ನಾನು ಮಂಗಳೂರಿಗೆ, ಅಲ್ಲಿಂದ ಸೀರೆ, ಒಡವೆಗಳ ಜಾಹೀರಾತಿಗೆ ಹೋದೆ. ಮೊದಲ ದೊಡ್ಡ ಶೂಟಿನಲ್ಲಿ, ವಿಮಾನದಲ್ಲಿ ಬಂದಿಳಿದ ಸ್ಟೈಲಿಸ್ಟ್ ಒಬ್ಬಳು ಮಾಡೆಲ್ಲಿನ ದುಬಾರಿ ರವಕೆಯ ಹಿಂದೆ ಸಾಲಾಗಿ ಕ್ಲಿಪ್ಪು ಹಾಕಿದಳು. ನಾನು ನಗಲಿಕ್ಕೆ ಶುರು ಮಾಡಿದೆ, ನಿಲ್ಲಿಸಲು ಆಗಲಿಲ್ಲ. ಇಡೀ ಫ್ಯಾಶನ್ ಲೋಕ ಮೂಡುಬಿದಿರೆಯ ಮಾಳಿಗೆಯಲ್ಲಿ ಕಲಿತು ಬಂದ ಹಾಗೆ ಕಂಡಿತು ನನಗೆ. ವಾರಿಜಕ್ಕನಿಗೆ ಫೋನಿನಲ್ಲಿ ಹೇಳಿದೆ. "ಎಷ್ಟು ಹಾಕಿದಳು?" ಎಂದು ಕೇಳಿದರು. ಆರು ಎಂದೆ. "ನಾಲ್ಕು ಸಾಕಿತ್ತು."

ಈಗ ಬಿ.ಸಿ.ರೋಡಿನಿಂದ ಫರಂಗಿಪೇಟೆಯವರೆಗೆ ಹೈವೇ ಬದಿಯ ಹೋರ್ಡಿಂಗುಗಳಲ್ಲಿ ಎರಡು ಮೂರು ನನ್ನವು. ಗಾಳಿಗೆ ಬಿದ್ದು ಯಾರ ತಲೆ ಒಡೆಯುತ್ತದೋ ಎಂದು ಪ್ರತಿ ಮಳೆಗಾಲ ನಿದ್ದೆಗೆಡುತ್ತೇನೆ. ಮೊದಲನೆಯದು ಏರಿದಾಗ ವಾರಿಜಕ್ಕ ಬಸ್ಸಿನಲ್ಲಿ ಬಂದು, ಬಿಸಿಲಿನಲ್ಲಿ ಕೊಡೆ ಹಿಡಿದು ನೋಡಿದರು. "ಗಲ್ಲದ ಕೆಳಗೆ ನೆರಳು ಒಂಚೂರು ಜಾಸ್ತಿ ಆಯ್ತು," ಎಂದರು. ಹೊರಡುವಾಗ ಮಾತ್ರ, ಕೇಳದಿದ್ದರೂ, ಎಳನೀರು ಮಾರುವವನಿಗೆ ಹೇಳಿದರು: "ಅದು ಕಾಣ್ತದಲ್ಲ, ನಮ್ಮ ಹುಡುಗಿ ತೆಗೆದದ್ದು." ಹುಡುಗಿಗೆ ಆಗ ನಲವತ್ತು ದಾಟಿತ್ತು. ಎಳನೀರಿನವನು ಒಮ್ಮೆ ನನ್ನನ್ನು, ಒಮ್ಮೆ ಹೋರ್ಡಿಂಗಿನ ಹುಡುಗಿಯನ್ನು ನೋಡಿ ಗೊಂದಲದಲ್ಲಿ ಬಿದ್ದ.

ಇಷ್ಟೆಲ್ಲ ಕಟ್ಟಿಕೊಂಡು, ಅವರು ಫೋನು ಮಾಡಿ ಕರೆದ ಆ ದಿನ ಅವರ ಮುಂದೆ ನಿಂತಿದ್ದೆ. ಸ್ಟುಡಿಯೋ ಖಾಲಿ, ಉಳಿದದ್ದು ಕಿಟಕಿ, ಮುಂಡು, ಸ್ಟೂಲು, ಒಂದು ಕುರ್ಚಿ, ಥರ್ಮೋಕೋಲು, ಕ್ಲಿಪ್ಪಿನ ಡಬ್ಬಿ, ಅಷ್ಟೇ. ಕಾಯಿಲೆಗೆ ಇಳಿದುಹೋಗಿದ್ದರು, ರವಕೆ ಜೋಲುತ್ತಿತ್ತು. "ಹಾಕು," ಎಂದು ಬೆನ್ನು ತಿರುಗಿಸಿದರು. ಕೈಗೆ ಸಿಕ್ಕಿದ್ದು ಹಳದಿ ಕ್ಲಿಪ್ಪು. ಬೆನ್ನಿಗೆ ಎರಡು, ಬಲ ಭುಜದ ಹಿಂದೆ ಒಂದು ಹಾಕಿದೆ.

ಮೊದಲ ಕ್ಲಿಕ್ಕು ಕೆಟ್ಟಿತು. ಕೆಟ್ಟದ್ದು ಎಂದರೆ ಎಲ್ಲ ಸರಿ ಇತ್ತು, ಅವರು ಮಾತ್ರ ಇರಲಿಲ್ಲ. ಕ್ಯಾಮೆರಾಕ್ಕೆ ಏನು ಬೇಕೆಂದು ಗೊತ್ತಿದ್ದವರು ಅದನ್ನೇ ಕೊಟ್ಟು ಕೂತಿದ್ದರು. ಇನ್ನು ಉಳಿದದ್ದು ಒಂದು. ಬೆವರು ಒರೆಸಿಕೊಂಡು, "ವಾರಿಜಕ್ಕ, ಮಧ್ಯಾಹ್ನಕ್ಕೆ ಏನು ಪದಾರ್ಥ?" ಎಂದೆ.

"ನನ್ನ ಉಪಾಯ ನನ್ನ ಹತ್ತಿರವೇ ಮಾಡ್ತೀಯಾ? ಗಂಜಿ. ಡಾಕ್ಟರು ಹೇಳಿದ್ದು."

ಮುಖ ಇನ್ನೂ ಬಿಗಿಯಾಯಿತು. ಇದು ಹೋದರೆ ಇನ್ನಿಲ್ಲ, ಆಧಾರ್ ಕಾರ್ಡೇ ಗತಿ. ಏನು ಮಾಡುವುದೆಂದು ತಿಳಿಯದೆ, ಕುರ್ಚಿಗೆ ಒರಗಿಸಿದ್ದ ಥರ್ಮೋಕೋಲನ್ನು ಅತ್ತ ಸರಿಸಿದೆ, ಇತ್ತ ಸರಿಸಿದೆ, ಮತ್ತೆ ಅತ್ತ.

"ಎಂಥ ಮಾಡ್ತಿದ್ದೀ ಮಾರಾಯ್ತಿ? ಬೆಳಕು ಎಲ್ಲಿ ಬೀಳ್ತಾ ಉಂಟು ನೋಡು! ಎಡಕ್ಕೆ. ಅಲ್ಲ, ನಿನ್ನ ಎಡ. ಇನ್ನೊಂದು ಬೆರಳು..."

ಬಲಗೈ ಚಾಚಿ ತೋರಿಸಿದರು. ಒಂದು ಕಣ್ಣು ಅರ್ಧ ಮುಚ್ಚಿತು. ಕೆಳತುಟಿ ಒಂದು ಚೂರು ಮುಂದೆ ಬಂತು. ಥರ್ಮೋಕೋಲು ಬಿಟ್ಟು ಕ್ಯಾಮೆರಾ ಎತ್ತಿ ಒತ್ತಿದೆ.

ಸದ್ದಿಗೆ ಅವರು ಬೆಚ್ಚಿ, ಆಮೇಲೆ ಕ್ಯಾಮೆರಾ ಕಸಿದುಕೊಂಡು ನೋಡಿದರು. "ನಾನು ಹೀಗೆಯಾ ಇರುವುದು?" ಎಂದರು. "ಹೌದು, ಮೂವತ್ತು ವರ್ಷದಿಂದ," ಎಂದೆ. "ಒಳ್ಳೆದಾಗಿದೆ," ಎಂದರು. ಅವರ ಬಾಯಿಂದ ಆ ಮಾತು ನನ್ನ ಕೆಲಸಕ್ಕೆ ಬಂದದ್ದು ಅದೊಂದೇ ಸಲ. ಆಮೇಲೆ ಪರದೆಗೆ ಬೆರಳು ಕುಟ್ಟಿ ನಗಲಿಕ್ಕೆ ತೊಡಗಿದರು. "ಬಲ ಭುಜ ನೋಡ್ಲಿಲ್ಲ ನೀನು!"

ಕೈ ಚಾಚಿದಾಗ ಭುಜ ತಿರುಗಿತ್ತು. ಕ್ಲಿಪ್ಪು ಇಣುಕಿತ್ತು.

"ಕಂಪ್ಯೂಟರಿನಲ್ಲಿ ತೆಗಿತೇನೆ ವಾರಿಜಕ್ಕ, ಎರಡು ನಿಮಿಷದ ಕೆಲಸ."

"ಮುಟ್ಟಬೇಡ. ಊರವರ ಬೆನ್ನಿಗೆಲ್ಲ ಹಾಕಿ ಅಡಗಿಸಿದ್ದೇನೆ. ನನ್ನದರಲ್ಲಿ ಒಂದು ಕಾಣಲಿ."

ವಾರಿಜಕ್ಕ ಈಗ ಇಲ್ಲ. ಊರಿನಲ್ಲಿರುವ ಅವರ ತಮ್ಮನ ಮನೆಯ ಜಗಲಿಯಲ್ಲಿ ಆ ಫೋಟೋ ದೊಡ್ಡದಾಗಿ ಉಂಟು. ಫ್ರೇಮು ಬಿದ್ದೀತು, ಗೆದ್ದಲು ಹಿಡಿದೀತು, ಪ್ರಿಂಟಿನ ಬಣ್ಣ ಹೋದೀತು ಎಂದು ನಾನು ಆಗಾಗ ಹೋಗಿ ನೋಡಿ ಬರುತ್ತೇನೆ. ಯಾವುದೂ ಆಗಿಲ್ಲ. ಮನೆಯವರು ಕ್ಲಿಪ್ಪು ಮುಚ್ಚುವ ಹಾಗೆ ಮಾಲೆ ಹಾಕಿರುತ್ತಾರೆ. ನಾನು ಯಾರೂ ನೋಡದಾಗ ಅದನ್ನು ಎರಡು ಬೆರಳು ಸರಿಸಿ ಬರುತ್ತೇನೆ. ಹಳದಿ ಬಣ್ಣದ, ಬಟ್ಟೆ ಒಣಗಿಸುವ ಕ್ಲಿಪ್ಪು. ಫೋಕಸ್ಸೂ ಅದರ ಮೇಲೆ ಚೆನ್ನಾಗಿಯೇ ಕೂತಿದೆ.