ಮಣ್ಣಿನ ಅಂಗಳದ ಸದ್ದು

ಸತ್ತವರ ಸ್ವರ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದೆದುರೇ ನಗುತ್ತಿದ್ದವಳು. ಹೈಸ್ಕೂಲಿನಲ್ಲಿ ಬಹಳ ವರ್ಷ ಫಿಸಿಕ್ಸ್ ಕಲಿಸಿದ್ದೇನೆ. ಸದ್ದು ಎಂದರೆ ಎಂತ, ಅದು ಎಲ್ಲಿಂದ ಹುಟ್ಟುತ್ತದೆ ಎಂದು ಮಕ್ಕಳಿಗೆ ಬೋರ್ಡಿನಲ್ಲಿ ಬರೆದು ತೋರಿಸಿದ್ದೇನೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ, ಕಾಸರಗೋಡಿನ ಹತ್ತಿರ ನಾನು ಓದಿದ ಕ್ಯಾಂಪಸ್ಸಿನಲ್ಲಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಒಳಾಂಗಣವನ್ನು ಹೊಸದು ಮಾಡಿದರು. ಉದ್ಘಾಟನೆಯ ಸ್ಮರಣ ಸಂಚಿಕೆಗೆ ಅದರ ಚರಿತ್ರೆ ಬರೆದುಕೊಡಬೇಕೆಂದು ನನ್ನನ್ನು ಕೇಳಿದರು. ನಾನು ಆಡುವಾಗ ಅಲ್ಲಿ ತಲೆಯ ಮೇಲೆ ಮಾಡು ಇರಲಿಲ್ಲ. ಮುರಕಲ್ಲಿನ ಗುಡ್ಡೆಯನ್ನು ಸಮತಟ್ಟು ಮಾಡಿ, ಕೆಂಪು ಮಣ್ಣಿನಲ್ಲಿ ಎರಡು ಕಂಬ ನೆಟ್ಟಿದ್ದರು, ಅಷ್ಟೇ. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಆ ಕಂಬ ನೆಡಿಸಿದವರು ನಮ್ಮ ಕೋಚ್ ಭಾಸ್ಕರನ್ ಸರ್. ಆಮೇಲೆ ಸಿಮೆಂಟು ಬಂತು, ಶೀಟಿನ ಮಾಡು ಬಂತು, ಗ್ಯಾಲರಿ ಬಂತು, ಕೊನೆಗೆ ಮರದ ನೆಲ.

ಬರೆಯಲು ನನಗೆ ಮನಸ್ಸಿರಲಿಲ್ಲ. ಕಾರಣ ಭಾಸ್ಕರನ್ ಸರ್. ನಾನು ಎರಡನೇ ವರ್ಷದಲ್ಲಿದ್ದಾಗ ವಿಶ್ವವಿದ್ಯಾಲಯದ ತಂಡದಲ್ಲಿ ಒಂದೇ ಸ್ಥಾನ ಉಳಿದಿತ್ತು. ಅದಕ್ಕೆ ನಾನು, ಇಲ್ಲವೇ ಐರಿನ್. ಐರಿನ್ ನನ್ನ ಜೀವದ ಗೆಳತಿ. ಮಂಗಲ್ಪಾಡಿಯಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಆಟದಲ್ಲಿ ನಾನು ಮೇಲೆ ಎಂದು ಅವಳೇ ಹೇಳುತ್ತಿದ್ದಳು. ಪಟ್ಟಿ ಹಾಕಿದಾಗ ಅದರಲ್ಲಿ ಅವಳ ಹೆಸರಿತ್ತು. "ಸರ್ ನಿನ್ನ ಹೆಸರು ಹೊಡೆದುಹಾಕಿದರು ಮಾರಾಯ್ತಿ, ಯಾಕೆಂದು ನನಗೂ ಹೇಳಲಿಲ್ಲ" ಎಂದು ನನ್ನನ್ನು ತಬ್ಬಿಕೊಂಡು ಅತ್ತಳು.

ನಾನು ಆಟ ಬಿಟ್ಟೆ. ಸರ್ ಹತ್ತಿರ ಮಾತು ಬಿಟ್ಟೆ. ವರ್ಷಗಳ ನಂತರ ಒಮ್ಮೆ ರೈಲ್ವೆ ಸ್ಟೇಷನ್ನಿನಲ್ಲಿ ಎದುರು ಸಿಕ್ಕಿ, "ಮದುವೆ ಎಲ್ಲ ಚೆನ್ನಾಗಿ ಆಯಿತಾ ಕುಟ್ಟಿ?" ಎಂದು ಕೇಳಿದರು. ನಮ್ಮನ್ನೆಲ್ಲ ಅವರು ಕರೆಯುತ್ತಿದ್ದದ್ದು ಹಾಗೆಯೇ, ಮಗು ಎಂಬಂತೆ. ನನಗಿನ್ನೂ ಮದುವೆ ಆಗಿರಲಿಲ್ಲ. ತಮಾಷೆ ಮಾಡುತ್ತಿದ್ದಾರೆಂದು ಮುಖ ತಿರುಗಿಸಿ ಹೋದೆ. ಅವರು ತೀರಿಕೊಂಡಾಗ ನೋಡಲಿಕ್ಕೂ ಹೋಗಲಿಲ್ಲ.

ಟಿಪ್ಪಣಿ ಮಾಡಲೆಂದು ಒಂದು ಮಧ್ಯಾಹ್ನ ಒಳಾಂಗಣಕ್ಕೆ ಹೋದೆ. ವಾಚ್‌ಮನ್ ಬೀಗ ತೆಗೆದುಕೊಟ್ಟು ಹೊರಗೆ ಜಗಲಿಯಲ್ಲಿ ಊಟಕ್ಕೆ ಕುಳಿತ. ನಾನು ಗ್ಯಾಲರಿಯಲ್ಲಿ ಒಬ್ಬಳೇ. ಬಿಸಿಲು ಕಿಟಕಿಯಿಂದ ನೆಲದ ತುಂಬ ಬಿದ್ದಿತ್ತು.

ಚೆಂಡು ಪುಟಿಯುವ ಸದ್ದು ಕೇಳಿತು. ಮರದ ಮೇಲೆ ಪುಟಿದ ಸದ್ದಲ್ಲ. ಮರದ ಮೇಲೆ ಟಣ್ಣನೆ ಕೇಳಬೇಕು. ಇದು ಮಂದವಾದ, ಮಣ್ಣಿನ ಮೇಲಿನ ಸದ್ದು. ನೆಲ ಖಾಲಿಯಿತ್ತು. ಆಮೇಲೆ ಸದ್ದು ನಿಂತು, ಹುಡುಗಿಯೊಬ್ಬಳ ಸ್ವರ ಕೇಳಿತು. ಹತ್ತೊಂಬತ್ತರ ಐರಿನ್‌ಳ ಸ್ವರ ನಾನು ಎಲ್ಲಿಯೂ ಗುರುತಿಸಬಲ್ಲೆ.

"ಅವಳಿಗೆ ಮದುವೆ ನಿಶ್ಚಯ ಆಗಿದೆ ಸರ್. ಮನೆಯವರು ಕಳಿಸುವುದಿಲ್ಲವಂತೆ. ಹೇಳಲಿಕ್ಕೆ ಅವಳಿಗೆ ನಾಚಿಕೆ. ನೀವು ಕೇಳಬೇಡಿ."

ಆಮೇಲೆ ಭಾಸ್ಕರನ್ ಸರ್ ಸ್ವರ: "ಪಾಪ. ಒಳ್ಳೆ ಕೈ ಇತ್ತು ಆ ಕುಟ್ಟಿಗೆ. ಹಾಗಾದರೆ ತಂಡದ ಜೊತೆ ನೀನು ಹೊರಡು."

ಮತ್ತೆ ಎಂತದೂ ಇಲ್ಲ. ಹೊರಗೆ ಬಂದು ವಾಚ್‌ಮನ್ ಹತ್ತಿರ, ಯಾರಾದರೂ ಮಾತಾಡಿದ್ದು ಕೇಳಿತಾ ಎಂದು ಕೇಳಿದೆ. "ಒಳಗೆ ಎಂತ ಉಂಟು ಟೀಚರೇ, ಪಾರಿವಾಳ ಮಾತ್ರ" ಎಂದ.

ಅಂದು ಸಂಜೆ ಮಂಗಳೂರಿನಲ್ಲಿದ್ದ ಐರಿನ್‌ಗೆ ಫೋನ್ ಮಾಡಿ, ಕೇಳಿದ ಮಾತನ್ನು ಹಾಗೆಯೇ ಹೇಳಿದೆ.

"ಯಾರು ಹೇಳಿದ್ದು ನಿನಗೆ? ಸರ್ ಮತ್ತು ನಾನು ಇಬ್ಬರೇ ಇದ್ದದ್ದು ಅಲ್ಲಿ."

ಅದು ಬಿಡು, ಯಾಕೆ ಹಾಗೆ ಮಾಡಿದ್ದು ಎಂದು ಕೇಳಿದೆ.

"ನಿನಗೆ ಮುಂದಿನ ವರ್ಷ ಉಂಟಲ್ಲ ಎಂದುಕೊಂಡೆ," ಎಂದಳು. "ನೀನು ಆಟವನ್ನೇ ಬಿಡುತ್ತಿ ಎಂದು ನನಗೆ ಗೊತ್ತಿರಲಿಲ್ಲ." ಅತ್ತಳು. ಹಿಂದೆ ಅತ್ತದ್ದೂ ಹೀಗೆಯೇ ಇತ್ತು.

ಚರಿತ್ರೆ ಬರೆದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ ಬಗ್ಗೆಯೇ. ಅದನ್ನು ಓದಿಸಲು ಅವರ ಹೆಂಡತಿಯ ಹತ್ತಿರ ಹೋದೆ. ಅವರು ಕಣ್ಣೊರೆಸಿಕೊಂಡು, "ಮಾತು ಬಿಟ್ಟ ಹುಡುಗಿ ನೀವೇ ಅಲ್ಲವಾ? ಆ ಹುಡುಗಿಗೆ ನಾನು ಎಂತ ತಪ್ಪು ಮಾಡಿದೆನೋ ಎಂದು ಇವರು ಎಷ್ಟು ಸಲ ಹೇಳಿದ್ದಾರೆ" ಎಂದರು. ಅಲ್ಲಿ ಚಹಾ ಕುಡಿಯಲು ನನ್ನಿಂದ ಆಗಲಿಲ್ಲ.

ಉದ್ಘಾಟನೆಗೆ ಐರಿನ್ ಬಂದಿದ್ದಳು. ಹಳೆಯ ಆಟಗಾರ್ತಿ ಎಂದು ಅವಳಿಗೆ ಶಾಲು ಹೊದಿಸಿದರು. ನಾನು ಕೈ ತಟ್ಟಲಿಲ್ಲ. ಆಮೇಲೆ ಅವಳು ಬಂದು ಪಕ್ಕದಲ್ಲಿ ಕುಳಿತು, ಮೆಲ್ಲಗೆ ಕೇಳಿದಳು: "ಸತ್ಯ ಹೇಳು. ಯಾರು ಹೇಳಿದ್ದು?"

"ಸರ್ ಮತ್ತು ನೀನು."

"ಯಾವಾಗ?"

"ಕಳೆದ ತಿಂಗಳು."

ಅವಳು ನನ್ನ ಮುಖವನ್ನೇ ನೋಡಿದಳು. ನಂತರ ಶಾಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, ಎದ್ದು ಬೇರೆ ಸಾಲಿಗೆ ಹೋದಳು. ನಾನು ಸುಳ್ಳು ಹೇಳಿರಲಿಲ್ಲ.