ಮತ್ತೆ ಗುರುಗುಟ್ಟಿದ ಕುನ್ನಿ

ನಾಯಿ ಗುರ್ ಎಂದದ್ದಕ್ಕೆ ಹಿಗ್ಗಿ, ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಗಂಡನನ್ನು ಕೂಗಿಕೊಂಡು ಓಡಿದವಳು ಹೊನ್ನೂರಿನಲ್ಲಿ ನಾನೊಬ್ಬಳೇ ಇರಬೇಕು. ಕೇಳಿದವರೆಲ್ಲ ನಕ್ಕರು. ನಗಲಿ ಬಿಡಿ, ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಅವರಿಗೇನು ಗೊತ್ತು!

ನಮ್ಮದು ದನಕರುಗಳ ಮನೆ. ಭತ್ತ, ಕಬ್ಬು, ತೆಂಗು ನಮ್ಮ ಯಜಮಾನರ ಪಾಲು. ಕೊಟ್ಟಿಗೆ ನೋಡಿಕೊಳ್ಳುವುದು, ಡೇರಿಗೆ ಹಾಲು ಹಾಕುವುದು ನನ್ನ ಪಾಲು. ಹಸುವಿನ ಕಿವಿ ನೋಡಿ ಅದರ ಮನಸ್ಸು ಹೇಳಬಲ್ಲೆವು. ನಾಯಿಯ ವಿಷಯದಲ್ಲಿ ಮಾತ್ರ ನಮಗೆ ಅಷ್ಟು ಗಮನವಿರಲಿಲ್ಲ. ನಾಯಿ ಎಂದರೆ ಮುದ್ದೆ ಹಾಕಿದರೆ ತಿಂದು ಜಗಲಿಯ ಕೆಳಗೆ ಬಿದ್ದಿರುವ ಪ್ರಾಣಿ. ಅದಕ್ಕೆ ಹೆಸರಿಡುವ ಪದ್ಧತಿಯೂ ನಮ್ಮಲ್ಲಿಲ್ಲ. ಮರಿಯಾಗಿ ಬಂದಾಗ ಕುನ್ನಿ ಎಂದು ಕರೆದೆವು, ಬೆಳೆದ ಮೇಲೂ ಅದು ಕುನ್ನಿಯೇ.

ಅದಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಕಬ್ಬು ಕಡಿಯುವ ಕಾಲ. ಯಜಮಾನರು ಮಧ್ಯಾಹ್ನ ಊಟ ಮುಗಿಸಿ ಅಂಗಳದಲ್ಲಿ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದರು. ಟ್ರೇಲರಿನ ನೆರಳಲ್ಲಿ ಮಲಗಿದ್ದ ಕುನ್ನಿ ಎದ್ದು ಓಡುವಷ್ಟರಲ್ಲಿ ಚಕ್ರ ಅದರ ಹಿಂಗಾಲಿನ ಮೇಲೆ ಹತ್ತಿತ್ತು. ಅಯ್ಯೋ, ಆ ಕೂಗು! ಯಜಮಾನರು ಹಾರಿ ಇಳಿದು, ಹೆಗಲ ಮೇಲಿನ ಟವಲಿನಲ್ಲಿ ಅದನ್ನು ಸುತ್ತಿ, ಸಿಕ್ಕಿದ ಆಟೋ ಹತ್ತಿದರು. ಕೊಳ್ಳೇಗಾಲದ ದನದ ಆಸ್ಪತ್ರೆಯವರೆಗೂ ಅದು ಅವರ ತೊಡೆಯ ಮೇಲೆಯೇ ಇತ್ತು. "ಎಳೇ ಮೂಳೆ, ಕೂಡ್ಕೊಳ್ಳುತ್ತೆ. ಓಡಾಡೋಕೆ ಮಾತ್ರ ಬಿಡಬೇಡಿ," ಎಂದು ಅಲ್ಲಿನ ಡಾಕ್ಟರಮ್ಮ ಪ್ಲಾಸ್ಟರ್ ಹಾಕಿ ಕಳಿಸಿದರು.

ಓಡಾಡಬಾರದು ಎಂದರೆ ನಮಗೆ ಗೊತ್ತಿದ್ದದ್ದು ಒಂದೇ, ಕಟ್ಟಿಹಾಕುವುದು. ಕೊಟ್ಟಿಗೆಯಲ್ಲಿ ಕರುವಿನ ಪಕ್ಕದ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಬಿಗಿದೆವು. ಅಲ್ಲಿಂದ ಶುರುವಾಯಿತು ನೋಡಿ. ಹತ್ತಿರ ಹೋದರೆ ಗುರ್, ನೀರಿಟ್ಟರೆ ಗುರ್, ಪಕ್ಕದಲ್ಲಿ ಸಗಣಿ ಬಾಚಿದರೂ ಗುರ್. ಯಜಮಾನರನ್ನು ಕಂಡರಂತೂ ಕೇಳಲೇಬೇಡಿ. ಅವರ ಕೆಮ್ಮು ಕಿವಿಗೆ ಬಿದ್ದರೆ ಸಾಕು, ಬಾಲ ಕಾಲಸಂದಿಗೆ ಸೇರಿಸಿ, ಗೋಡೆಗೆ ಒತ್ತಿಕೊಂಡು, ಹಲ್ಲು ಬಿಡುತ್ತಿತ್ತು.

"ತಿನ್ನಾದು ನನ್ ಮನೆ ಮುದ್ದೆ, ಹಲ್ ಬುಡಾದು ನನ್ ಮ್ಯಾಲೇಯಾ!" ಎಂದು ಅವರು ಕೂಗಾಡಿದರು. ಕೂಗಾಡಿದ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಹೊಲದ ಕಡೆ ಹೋಗುತ್ತಿದ್ದರು. ಅದು ಕೋಪವಲ್ಲ, ಸಂಕಟ ಎಂದು ನನಗೆ ತಿಳಿಯುತ್ತಿತ್ತು.

ಹಾಯಲು ಬರುವ ಹೋರಿಗರುವನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ, ತಲೆ ಬಗ್ಗಿಸಿದಾಗಲೆಲ್ಲ ಮೂತಿಗೆ ಒಂದು ತಟ್ಟುವುದು ನಮ್ಮ ಮನೆಯ ರೂಢಿ. ಹೊಡೆತವಲ್ಲ, ಪಳಗಲಿ ಎಂದು ತಟ್ಟುವುದು. ಕುನ್ನಿಗೂ ಅದನ್ನೇ ಮಾಡಿದೆವು. ಗುರ್ ಎಂದರೆ ಮೂತಿಗೊಂದು ತಟ್ಟು. ಅವರೂ ತಟ್ಟಿದರು, ನಾನೂ ತಟ್ಟಿದೆ. ವಾರ ಕಳೆಯುವುದರೊಳಗೆ ಕೊಟ್ಟಿಗೆ ಗಪ್‌ಚಿಪ್ಪಾಯಿತು. ಯಾರು ಹೋದರೂ ಸದ್ದಿಲ್ಲ, ಉಸಿರಿಲ್ಲ, ಕಣ್ಣು ಮಾತ್ರ ಅಗಲ.

"ನೋಡ್ದಾ? ಹೋರಿ ಕರುಗಿಂತ ಬಿರ್ರನೆ ಪಳಗ್ತು," ಎಂದು ಯಜಮಾನರು ಮೀಸೆ ಸವರಿಕೊಂಡರು. ನಾನೂ ಹೌದೆಂದೆ.

ಪಕ್ಕದ ಮನೆಯ ಅಕ್ಕ ದಿನಾ ಮಜ್ಜಿಗೆಗೆ ಬರುವವರು. ಅವತ್ತು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಅಯ್ಯೋ ಕಂದಾ, ಎಷ್ಟ್ ಸುಮ್ಕದೆ ನೋಡು!" ಎಂದು ಬಗ್ಗಿ ತಲೆ ಸವರಲು ಹೋದರು. ಕುನ್ನಿ ಚಕಾರ ಎತ್ತದೆ ಅವರ ಮುಂಗೈಗೆ ಬಾಯಿ ಹಾಕಿತು. ಗಾಯಕ್ಕೆ ಸೋಪು ನೀರು ಹಾಕಿ ತೊಳೆದು, ಅವರನ್ನು ಕರೆದುಕೊಂಡು ಯಳಂದೂರಿನ ಆಸ್ಪತ್ರೆಗೆ ಓಡಿದೆ. ಸೂಜಿ ಚುಚ್ಚಿಸಿಕೊಂಡು ಬಸ್ಸಿನಲ್ಲಿ ಬರುವಾಗ ಅಕ್ಕ, "ನಿಮ್ಮನೆ ಮಜ್ಗೆ ಕುಡ್ಯಾಕೆ ಇಷ್ಟೆಲ್ಲಾ ಚುಚ್ಚುಸ್ಕಬೇಕೇನಮ್ಮೀ?" ಎಂದರು. ಇನ್ನುಳಿದ ಸೂಜಿಗಳಿಗೂ ನಾನೇ ಜೊತೆಯಲ್ಲಿ ಹೋಗಿ ಬಂದೆ.

ಆ ಸಂಜೆಯೇ ಯಜಮಾನರು ತೀರ್ಮಾನ ಹೇಳಿಬಿಟ್ಟರು. "ಮಗ್ಳು ಕೂಸ್ನ ಎತ್ಕಂಡ್ ಬರೋ ವತ್ಗೆ ಈ ನಾಯಿ ಇಲ್ಲಿ ಇರಕೂಡ್ದು. ರಾಮಾಪುರಕ್ಕೆ ಕಳ್ಸ್‌ಬುಡಾನ."

ನಮ್ಮ ಒಬ್ಬಳೇ ಮಗಳನ್ನು ಕೊಳ್ಳೇಗಾಲಕ್ಕೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ. ಹೆರಿಗೆ ಕಾಮಗೆರೆಯ ಆಸ್ಪತ್ರೆಯಲ್ಲಿ, ಬಾಣಂತನ ನಮ್ಮಲ್ಲಿ ಎಂದು ಮಾತಾಗಿತ್ತು. ರಾಮಾಪುರದಲ್ಲಿರುವವನು ನನ್ನ ತಂಗಿಯ ಗಂಡ. ಅವನ ಹೊಲ ಕಾಡಿನ ಅಂಚಿನಲ್ಲಿದೆ. ಹಂದಿ ಕಾಯಲು ಅವನಿಗೆ ಯಾವಾಗಲೂ ನಾಯಿ ಬೇಕು, ಯಾಕೆಂದರೆ ಅವನ ನಾಯಿಗಳನ್ನು ಚಿರತೆ ಒಂದೊಂದಾಗಿ ಎತ್ತಿಕೊಂಡು ಹೋಗುತ್ತದೆ. ಕುಂಟುವ ಈ ಮರಿಯನ್ನು ಅಲ್ಲಿ ಬಿಡುವುದೆಂದರೆ ಚಿರತೆಗೆ ಎಡೆ ಇಟ್ಟಂತೆ. ಹಾಗಂತ ಹೇಳಿಯೂ ಹೇಳಿದೆ.

"ಮತ್ತೇನ್ ಮಾಡಾನ? ಕೂಸ್ಗಿಂತ ನಾಯಿ ಎಚ್ಚಾ?" ಎಂದರು.

ಅಜ್ಜಿಯಾಗುವವಳು ಹೌದು, ಹೆಚ್ಚು ಎಂದು ಹೇಗೆ ಹೇಳಲಿ? ಕೊಟ್ಟಿಗೆಗೆ ಹೋಗಿ ಹಸುವಿನ ಮರೆಯಲ್ಲಿ ನಿಂತು ಅತ್ತೆ.

ಪ್ಲಾಸ್ಟರ್ ಬಿಚ್ಚಿಸಲು ಕೊಳ್ಳೇಗಾಲಕ್ಕೆ ಹೋದಾಗ ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿದೆ. "ಕಚ್ಚೋಕೆ ಮುಂಚೆ ಗುರ್ ಅನ್ನಲಿಲ್ವಾ?" ಎಂದು ಕೇಳಿದರು. "ಇಲ್ಲ ತಾಯಿ, ಆ ಚಾಳಿ ಬುಡ್ಸಿದ್ದೀವಿ," ಎಂದೆ, ಸ್ವಲ್ಪ ಜಂಬದಿಂದಲೇ. ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟರು.

"ನೋಡಿಮ್ಮ, ನೋವಿದೆ, ಭಯ ಆಗ್ತಿದೆ, ಹತ್ರ ಬರಬೇಡಿ ಅಂತ ಅದು ನಿಮಗೆ ಹೇಳ್ತಿತ್ತು. ನೀವು ಹೇಳೋದನ್ನ ಬಿಡಿಸಿದ್ದೀರಿ, ಭಯ ಹಾಗೇ ಇದೆ. ಹೇಳೋಕೆ ಬಿಡದೆ ಹೋದ್ರೆ ಸೀದಾ ಕಚ್ಚುತ್ತೆ."

ನನಗೆ ಕೆನ್ನೆಗೆ ಬಾರಿಸಿದಂತಾಯಿತು. ನಮ್ಮ ಮನೆಯಲ್ಲಿ ನಾನು ಬೈಯುತ್ತಿರುವವರೆಗೂ ಎಲ್ಲ ಸರಿಯಾಗಿದೆ ಎಂದು ಅರ್ಥ. ನಾನು ಬಾಯಿ ಮುಚ್ಚಿದ ದಿನ ಯಜಮಾನರು ಉಂಡ ತಟ್ಟೆಯನ್ನು ತಾವೇ ತೊಳೆದಿಟ್ಟು ಹಿತ್ತಿಲು ಸೇರುತ್ತಾರೆ. ಇಷ್ಟು ತಿಳಿದ ಮನೆಯವರು ನಾಯಿಯ ಬಾಯಿ ಮುಚ್ಚಿಸಿ ಮೀಸೆ ಸವರಿಕೊಂಡಿದ್ದೆವಲ್ಲ!

ಡಾಕ್ಟರಮ್ಮ ದಾರಿ ಹೇಳಿಕೊಟ್ಟರು. ಗಿಡ್ಡ ಹಗ್ಗ ಬೇಡ, ಯಾರೂ ನುಗ್ಗದ ಒಂದು ಮೂಲೆ ಕೊಡಿ. ಗುರ್ ಎಂದರೆ ಅಲ್ಲೇ ನಿಂತು ಹಿಂದೆ ಸರಿಯಿರಿ. ಕಣ್ಣಲ್ಲಿ ಕಣ್ಣಿಡಬೇಡಿ, ಮೇಲಿನಿಂದ ಬಗ್ಗಬೇಡಿ, ಇಷ್ಟದ್ದೇನಾದರೂ ದೂರದಿಂದ ಹಾಕಿ ಹೊರಟುಬಿಡಿ. ಜನ ಬರುವಾಗ ಬಾಯಿಗೆ ಕುಕ್ಕೆ ಹಾಕಿ. ನೋವಿಗೆ ಮಾತ್ರೆಯನ್ನೂ ಕೊಟ್ಟರು. ಕೂಸು ಬರುವುದರೊಳಗೆ ಸರಿಹೋಗುತ್ತದೆಯೇ ಎಂದು ಕೇಳಿದ್ದಕ್ಕೆ, "ಮಾತು ಕೊಡೋಕಾಗಲ್ಲಮ್ಮ," ಎಂದರು.

ಇಷ್ಟದ್ದು ಎಂದರೆ ಬೇಯಿಸಿದ ಮೊಟ್ಟೆ ಎಂದರು. ಶಿವಶಿವಾ! ಕೊರಳಲ್ಲಿ ಲಿಂಗ ಕಟ್ಟಿದ ಮನೆ, ಮೊಟ್ಟೆ ನಮ್ಮ ಹೊಸ್ತಿಲು ದಾಟಿಲ್ಲ. "ಕಾಯಿಚೂರು ಆದೀತಾ?" ಎಂದೆ. ಡಾಕ್ಟರಮ್ಮ ನಕ್ಕು, "ಸ್ವಲ್ಪ ಸ್ವಲ್ಪ ಹಾಕಿ," ಎಂದರು. ಅಂದಿನಿಂದ ನನ್ನ ಸೆರಗಿನ ತುದಿಯಲ್ಲಿ ಸದಾ ತೆಂಗಿನಕಾಯಿಯ ಚೂರಿನ ಗಂಟು. ಮೇವು ತುಂಬುವ ಕೋಣೆಯನ್ನು ಅದಕ್ಕೇ ಬಿಟ್ಟುಕೊಟ್ಟೆವು. ಅದರ ಬಾಗಿಲಿಗೆ ಹೊರಗಿನಿಂದ ಚಿಲಕ. ಮಣ್ಣು ತಿನ್ನದಿರಲೆಂದು ಕರುವಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆಯೊಂದು ಇತ್ತಲ್ಲ, ಅದರೊಳಗೆ ಕಾಯಿಚೂರು ಇಟ್ಟು ಮೂತಿ ತೂರಿಸಲು ಕಲಿಸಿದೆ. ಪಕ್ಕದ ಮನೆಯ ಅಕ್ಕ ದೂರದಲ್ಲಿ ನಿಂತು ನೋಡಿ, "ಇನ್ನೊಂದ್ ನೊಗ ಇಟ್ಟು ಉಳಾಕ್ ಕಳ್ಸ್‌ಬುಡಿ," ಎಂದರು.

ದಿನಗಳು ಹೋದವು. ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದೆ. ಕುನ್ನಿ ತಾನಾಗಿಯೇ ಬಂದು ಸ್ವಲ್ಪ ದೂರದಲ್ಲಿ ಮಲಗಿತ್ತು. ಬಕೆಟ್ಟು ಸರಿಸಲು ಕೈ ಚಾಚಿದಾಗ ಅದರ ಕುಂಟುಗಾಲಿನ ಹತ್ತಿರ ಹೋಯಿತೇನೋ, ಸಣ್ಣಗೆ ಗುರ್ ಎಂದಿತು. ನಾನು ಕಲ್ಲಾದೆ. ಆಮೇಲೆ ಮೆಲ್ಲಗೆ ಕೈ ಹಿಂದಕ್ಕೆ ತೆಗೆದು, "ಆಯ್ತು ಕಣಪ್ಪ, ಮುಟ್ಟಾಕಿಲ್ಲ," ಎಂದೆ. ಅದು ನಿಟ್ಟುಸಿರು ಬಿಟ್ಟು ತಲೆ ನೆಲಕ್ಕಿಟ್ಟಿತು. ನಾನು ಕಾಯಿಚೂರು ಎಸೆದು, ಅಂಗಳ ದಾಟಿ ಯಜಮಾನರನ್ನು ಹುಡುಕಿಕೊಂಡು ಓಡಿದ್ದು ಆವತ್ತೇ.

ಆದರೆ ಅವರ ಮುಂದೆ ಮಾತ್ರ ಅದು ಸದ್ದು ಮಾಡುತ್ತಿರಲಿಲ್ಲ. ಗೋಡೆಗೆ ಅಂಟಿಕೊಂಡು ನೋಡುತ್ತಿತ್ತು, ಅಷ್ಟೆ. ಅದರ ಕಡೆಗೆ ಬೆನ್ನು ಮಾಡಿ ಕೂತುಕೊಳ್ಳಿ, ಅದೇ ಬರಲಿ ಎಂದು ಡಾಕ್ಟರಮ್ಮನ ಮಾತನ್ನು ಮುಟ್ಟಿಸಿದೆ. "ನಾಯ್ಗೆ ಬೆನ್ ತೋರ್ಸ್ಕಂಡು ಕುಂತ್ಕಳಾಕೆ ನಂಗೇನ್ ಬ್ಯಾರೆ ಗೇಮೆ ಇಲ್ವಾ?" ಎಂದು ರೇಗಿದರು. ಮಾರನೆಯ ದಿನ ಮಧ್ಯಾಹ್ನ ನೋಡುತ್ತೇನೆ, ಮೇವಿನ ಕೋಣೆಯ ಮುಂದೆ ಗೋಣಿಚೀಲ ಹಾಸಿಕೊಂಡು ಬೆನ್ನು ತಿರುಗಿಸಿ ಕೂತಿದ್ದಾರೆ, ಕೈ ಹಿಂದೆ ಮಾಡಿ ಕಾಯಿಚೂರು ಬೀಳಿಸುತ್ತಿದ್ದಾರೆ.

ಅದೇ ದಿನಚರಿಯಾಯಿತು. ದಾರಿಯಲ್ಲಿ ಹೋಗುವವರು, "ಏನಣ್ಣ, ನಾಯಿ ಕುಟೆ ಠೂ ಬುಟ್ಟಿದ್ದೀರಾ?" ಎಂದು ರೇಗಿಸಿದರೆ ಹುಬ್ಬು ಗಂಟಿಕ್ಕುತ್ತಿದ್ದರು, ಎದ್ದು ಮಾತ್ರ ಬರುತ್ತಿರಲಿಲ್ಲ. ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಯಾವ ಗದ್ದೆಯ ಬದು ಒಡೆದಿದೆ, ಎಲ್ಲ ಅದಕ್ಕೆ ವರದಿ. ನನ್ನ ಜೊತೆ ಅಷ್ಟು ಮಾತಾಡಿದವರಲ್ಲ ಬಿಡಿ! ಒಂದು ದಿನ ಕುನ್ನಿ ಹೊಟ್ಟೆ ಎಳೆದುಕೊಂಡು ಬಂದು ಅವರ ಬೆನ್ನಿಗೆ ಮೂಗು ತಾಗಿಸಿ ನಿಂತಿತು. ಅವರು ತಿರುಗಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡರು. ನಾನು ನೋಡದವಳಂತೆ ಹುಲ್ಲು ತರಲು ಹೋದೆ.

ಇಷ್ಟಾದರೂ ರಾಮಾಪುರದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೇಳಿದಾಗಲೆಲ್ಲ, "ಕೂಸು ಬರ್ಲಿ, ಆವತ್ ನೋಡಾನ," ಎಂಬ ಒಂದೇ ಉತ್ತರ.

ಆ ದಿನವೂ ಬಂತು. ಗಂಡು ಮಗು. ಆಸ್ಪತ್ರೆಯಿಂದ ಮಗಳು ಕಾರಿನಲ್ಲಿ ಬಂದಿಳಿದಳು. ಹೊಸ್ತಿಲ ಮುಂದೆ ಕೇರಿಯ ಹೆಂಗಸರೆಲ್ಲ ನೆರೆದಿದ್ದರು. ಸುಣ್ಣ ಅರಿಶಿನದ ನೀರಿನ ತಟ್ಟೆ ಹಿಡಿದವರು ಪಕ್ಕದ ಮನೆಯ ಅಕ್ಕನೇ. ಕೂಸು ನೋಡಿ ನಾಯಿಯನ್ನು ಒಯ್ಯಲೆಂದು ಯಜಮಾನರು ಕರೆದಿದ್ದ ತಂಗಿಯ ಗಂಡನೂ ಬಂದಿದ್ದ, ಅವನ ಗೂಡ್ಸ್ ಆಟೋ ಬೇಲಿಯ ಪಕ್ಕದಲ್ಲಿ ನಿಂತಿತ್ತು. ಕುನ್ನಿಗೆ ಕುಕ್ಕೆ ತೊಡಿಸಿ, ಮೇವಿನ ಕೋಣೆಯ ಚಿಲಕ ಹಾಕಿ ಬಂದಿದ್ದೆ. ಆರತಿ ಎತ್ತುತ್ತಿರುವಾಗಲೇ ಆ ಪುಣ್ಯಾತ್ಮ, ತಾನು ಒಯ್ಯಬೇಕಾದ ನಾಯಿ ಹೇಗಿದೆ ನೋಡೋಣ ಎಂದು ಹೋಗಿ ಚಿಲಕ ತೆಗೆದುಬಿಟ್ಟ.

ಕುನ್ನಿ ಹೊರಗೆ ನುಗ್ಗಿ ನೇರ ಅಂಗಳಕ್ಕೆ ಬಂತು. ಬಂದು ನೋಡಿದರೆ ಸುತ್ತಲೂ ಜನ. ಓಡಿ ಬರುವಾಗ ಕಂಬಕ್ಕೆ ಉಜ್ಜಿ ಕುಕ್ಕೆ ಕಳಚಿ ಕೊರಳಲ್ಲಿ ನೇತಾಡುತ್ತಿತ್ತು. ಮಗಳು ಕೂಸನ್ನು ಎದೆಗೆ ಒತ್ತಿಕೊಂಡಳು. ನನಗೆ ಇದ್ದದ್ದು ಒಂದೇ ಭಯ, ಎಲ್ಲಿ ಸುಮ್ಮನಿದ್ದುಬಿಡುತ್ತದೋ ಎಂದು. ಅಪ್ಪಾ ಮಾದಪ್ಪ, ಏನಾದರೂ ಅನ್ನಿಸಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಗುರ್ ಎಂದಿತು. ಎಲ್ಲರಿಗೂ ಕೇಳುವಂತೆ, ಉದ್ದಕ್ಕೆ.

ಹೆಂಗಸರು ಕಿರುಚುವುದರೊಳಗೆ ಯಜಮಾನರು ಕೈ ಎತ್ತಿದರು. "ಯಾರೂ ಅಲ್ಲಾಡ್ಬ್ಯಾಡಿ. ಜನ ಜಾಸ್ತಿ ಆಯ್ತು ಅಂತ ಏಳ್ತಾ ಅದೆ. ಮಗ, ನೀನು ಒಳೀಕ್ ನಡಿ. ಮಿಕ್ಕೋರು ಮೆಲ್ಲಕ್ ದಾರಿ ಬುಡಿ." ಮಗಳು ಒಳಗೆ ಹೋದಳು. ಉಳಿದವರು ಸರಿದರು. ಯಜಮಾನರು ಕುನ್ನಿಗೆ ಬೆನ್ನು ತಿರುಗಿಸಿ, "ಬಾರ್ಲಾ," ಎಂದಷ್ಟೇ ಹೇಳಿ, ಹಿಂದೆ ನೋಡದೆ ಕೊಟ್ಟಿಗೆಯ ಕಡೆ ನಡೆದರು. ಅದು ಒಂದು ಗಳಿಗೆ ನಿಂತಿತು. ಆಮೇಲೆ ಕುಂಟುತ್ತಾ ಅವರ ಹಿಂದೆಯೇ ಹೋಯಿತು.

ಚಿಲಕ ಹಾಕಿ ಬಂದವರ ಹತ್ತಿರ ತಂಗಿಯ ಗಂಡ, "ಕಂಡ್ರಲ್ಲ ಅಣ್ಣ, ಇಂಥದ್ನ ಕೂಸಿರೋ ಮನೇಲಿ ಮಡೀಕಳಾಕಾದದಾ? ಆಟೋಗೆ ಆಕ್ಕೊಡಿ, ಒಯ್ತೀನಿ," ಎಂದ.

"ಇಲ್ಲ ಕಣಪ್ಪ, ಕೊಡಾಕಿಲ್ಲ. ಕೂಸ್ನ ಒಳಗ್ ಮಡೀಕತೀವಿ, ಅದ್ನ ಕೊಟ್ಗೇಲ್ ಮಡೀಕತೀವಿ, ನಡುವ್ ನಾನಿರ್ತೀನಿ."

"ಮತ್ತೆ ನೀವೇ ಬಾ ಅಂದಿದ್ರಿ?"

ಯಜಮಾನರು ತೊಟ್ಟಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡರು. ಅಲ್ಲಿಂದಲೇ, ಕೇರಿಯವರೆಲ್ಲ ಕೇಳಿಸಿಕೊಳ್ಳುತ್ತಿದ್ದಂತೆ, ಅಂದಿನವರೆಗೆ ನನ್ನ ಮುಂದೆಯೂ ಬಾಯಿಬಿಟ್ಟು ಆಡದ ಮಾತನ್ನು ಆಡಿದರು.

"ಅದರ ಕಾಲ್ ಮ್ಯಾಲೆ ಗಾಡಿ ಅತ್ಸ್ದೋನು ನಾನು. ಮನೆ ಬುಟ್ ಓಗ್ಬೇಕಾದ್ದು ಅದಾ?"

ಆಮೇಲೆ ಒದ್ದೆ ಕೈ ಟವಲಿಗೆ ಒರೆಸಿಕೊಂಡು, ಮೊಮ್ಮಗನನ್ನು ನೋಡಲು ಒಳಗೆ ಹೋದರು.