ಗೋಡೆಯಿಂದ ಇಳಿದ ಎಳೆಗುಂಬಳಗಳು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ಗೋಡೆ ಕಾಣದ ಹಾಗೆ ಕುಂಬಳದ ಬಳ್ಳಿ ಹಬ್ಬಿತ್ತು. ಬೀಜ ತಂದವರು ನಮ್ಮ ಅತ್ತೆ. ಚೊಳಚಗುಡ್ಡದ ಬನಶಂಕರಿಗೆ ಹೋದಾಗ, ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮೊಸರು ಮಾರುವ ಹೆಂಗಸೊಬ್ಬಳ ಕುಂಬಳದ ಪಲ್ಯ ಅವರಿಗೆ ಬಹಳ ರುಚಿಸಿತ್ತು. ಅವಳನ್ನೇ ಕೇಳಿ ಒಂದಿಷ್ಟು ಬೀಜ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದರು. ವಿದ್ಯಾಗಿರಿಯಲ್ಲಿ ನಮ್ಮದು ಸಣ್ಣ ಮನೆ, ಅಂಗಳ ಇನ್ನೂ ಸಣ್ಣದು. ಬಳ್ಳಿ ಅದನ್ನೇನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಲ್ಲಿಯ ಬುಡದಲ್ಲಿ ಹುಟ್ಟಿ, ಗೋಡೆ ಹತ್ತಿ, ಆ ಕಡೆ ಇಳಿದು ಪಕ್ಕದವರ ಕಿಟಕಿಯ ಸರಳುಗಳನ್ನೂ ಹಿಡಿದುಕೊಂಡಿತು.

ಪಕ್ಕದವರು ಇಳಕಲ್‌ನಿಂದ ಬಂದು ನೆಲೆಸಿದ ಮುಸ್ಲಿಂ ಕುಟುಂಬ. ಗಂಡ ಗ್ರಾನೈಟ್ ಪಾಲಿಶ್ ಮಾಡುತ್ತಾರೆ. ಹೆಂಡತಿ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಾರೆ. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಅವರ ಮಗಳ ಮದುವೆ ಹುನಗುಂದದ ಹುಡುಗನ ಜೊತೆ ಗೊತ್ತಾಗಿತ್ತು. ಮನೆಗೆ ಸುಣ್ಣಬಣ್ಣ ಆಗಬೇಕು. ಬಣ್ಣದವನು ಬಂದು ನೋಡಿ, ಬಳ್ಳಿ ತೆಗೆಯದೆ ಈ ಗೋಡೆ ಮುಟ್ಟುವುದಿಲ್ಲ ಎಂದುಬಿಟ್ಟ.

ಅಕ್ಕನಿಗೆ ನಮ್ಮನ್ನು ಕೇಳಲು ಸಂಕೋಚ. ಬಳ್ಳಿಯ ತುಂಬ ಕಾಯಿ ನಿಂತಿತ್ತು, ಒಂದೂ ಬಲಿತಿರಲಿಲ್ಲ. ಬಟ್ಟೆ ಒಣಹಾಕುವ ನೆಪದಲ್ಲಿ ಗೋಡೆಯ ಹತ್ತಿರ ಬಂದು, ಏನೇನೋ ಮಾತಾಡಿ ಹಾಗೇ ಒಳಗೆ ಹೋಗುತ್ತಿದ್ದರು. ಕೊನೆಗೆ ಕೇಳಿದವರು ಅತ್ತೆಯೇ.

"ಯಾಕವ್ವಾ, ಏನೋ ಹೇಳಾಕ ಬಂದು ಹಂಗ ಹೋಗಾಕತ್ತೀ?"

ಅಕ್ಕ ಹೇಳಿದರು. ಅತ್ತೆ ಬಳ್ಳಿಯ ಕಡೆ ಒಮ್ಮೆ ನೋಡಿ, "ಲಗ್ನದ ಮನಿ ಮುಂದ ಬಳ್ಳಿ ಏನ್ ದೊಡ್ಡದು, ತಗೀರಿ" ಅಂದರು. ಆದರೆ ತೆಗೆಯುವ ದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಟಿವಿ ಜೋರಾಗಿ ಹಚ್ಚಿದರು. ನಾನು, ಅಕ್ಕ, ಮದುಮಗಳು ಮೂವರೂ ಸೇರಿ ಬಳ್ಳಿ ಇಳಿಸಿದೆವು. ಎಳೆದಾಗ ಅದರ ತಂತುಗಳು ಸರಳನ್ನು ಬಿಡಲು ಒಪ್ಪುತ್ತಿರಲಿಲ್ಲ, ಒಂದೊಂದನ್ನೂ ಬಿಡಿಸಬೇಕಾಯಿತು.

ಕಾಯಿಗಳನ್ನೆಲ್ಲ ತಂದು ಪಡಸಾಲೆಯಲ್ಲಿ ಸುರುವಿದೆ. ನಿಂಬೆಹಣ್ಣಿನಷ್ಟಿದ್ದವು, ಚೆಂಡಿನಷ್ಟಿದ್ದವು, ತೆಂಗಿನಕಾಯಿಯಷ್ಟು ಬೆಳೆದವೂ ಇದ್ದವು. ಕೆಲವಕ್ಕೆ ಬಾಡಿದ ಹೂವು ತುದಿಯಲ್ಲಿ ಹಾಗೇ ಅಂಟಿತ್ತು. ಇವನ್ನು ಏನು ಮಾಡುವುದು? ಹಣ್ಣಾದ ಕುಂಬಳವನ್ನು ಜನ್ಮವಿಡೀ ತಿಂದಿದ್ದೇನೆ, ಎಳೆಯದನ್ನು ಮುಟ್ಟಿಯೂ ನೋಡಿರಲಿಲ್ಲ. ನಾನು ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ನೋಡಿಕೊಳ್ಳುವವಳು. ಹೊಸದೇನಾದರೂ ಕೈಗೆ ಸಿಕ್ಕರೆ ಅದರ ಒಳಗೆ ಏನಿದೆ ಎಂದು ನೋಡದೆ ನನಗೆ ಇರಲಾಗದು. ಈಳಿಗೆ ತಂದೆ.

ಅಷ್ಟರಲ್ಲಿ ಟಿವಿ ನಿಂತಿತು. ಅತ್ತೆ ಹೊರಗೆ ಬಂದು, "ತಡಿ ತಡಿ! ಹೆಣ್ಮಕ್ಕಳು ಇಡೀ ಕುಂಬಳಕಾಯಿ ಒಡೀಬಾರ್ದು" ಎಂದರು.

"ಇವು ಇನ್ನಾ ಹಸುಗೂಸು ಅದಾವ್ರಿ ಅತ್ತಿ. ಇವಕ್ಕೂ ಆ ನೇಮ ಐತೇನು?"

ಅತ್ತೆ ನಿಜವಾಗಿಯೂ ಯೋಚನೆಗೆ ಬಿದ್ದರು. ಒಂದು ಸಣ್ಣ ಕಾಯಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಸಂಶಯ ಹೋಗಲಿಲ್ಲ. ನನ್ನ ಗಂಡ ಕೆಲಸಕ್ಕೆ ಬಾದಾಮಿಗೆ ಹೋದವರು ಸಂಜೆಯವರೆಗೆ ಬರುವವರಲ್ಲ. ಆಗ ಅತ್ತೆ ಗೋಡೆಯ ಮೇಲಿಂದಲೇ ಅಕ್ಕನ ಯಜಮಾನರನ್ನು ಕೂಗಿದರು. ಅವರು ಕೈಗೆಲ್ಲ ಕಲ್ಲಿನ ಧೂಳು ಮಾಡಿಕೊಂಡು ಊಟಕ್ಕೆ ಬಂದಿದ್ದರು. ವಿಷಯ ಕೇಳಿ ನಕ್ಕು, "ನಾ ಕೊಯ್ದ್ರ ನಡೀತೈತೇನ್ರಿ ಅವ್ವಾರ?" ಅಂದರು.

"ಗಂಡಸರು ಅದೀರಲ್ಲ, ಸಾಕು. ಕೈ ಮಾತ್ರ ತೊಳಕೊಂಡ್ ಬರ್ರಿ."

ಅವರು ಬಂದು ಮುಂದಿಟ್ಟ ಕಾಯಿಗಳಿಗೆಲ್ಲ ಒಂದೊಂದು ಗಾಯ ಮಾಡಿಕೊಟ್ಟು ಊಟಕ್ಕೆ ಹೋದರು.

ಒಳಗೆ ತಿಳಿಹಸಿರು ಬಿಳುಪು. ಬೀಜ ಎಂದು ಹೇಳುವಂಥದ್ದು ಇರಲಿಲ್ಲ. ಬೀಜದ ಆಕಾರದ ತೆಳ್ಳನೆಯ ಪೊರೆ ಅಷ್ಟೆ. ಕೊಯ್ದ ಕಡೆಯೆಲ್ಲ ಸಣ್ಣ ಹನಿಗಳು ಎದ್ದು ನಿಂತವು. ಒಂದನ್ನು ಬೆರಳಿಗೆ ಹಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಒಣಗಿ ಅಂಟಿನ ಹಾಗೆ ಚರ್ಮವನ್ನು ಬಿಗಿಹಿಡಿಯಿತು. ಉಗುರಿನಿಂದ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಬಂತು. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ಪ್ರತಿ ಕಾಯಿಯಿಂದಲೂ ಒಂದು ಚೂರು ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳುತ್ತ ಹೋದರು. "ಕಹಿ ಇದ್ರ ತಿನ್ನಬಾರ್ದು. ಹೊಟ್ಟಿ ಕೆಡತೈತಿ." ನಮ್ಮ ಪುಣ್ಯಕ್ಕೆ ಯಾವುದೂ ಕಹಿ ಇರಲಿಲ್ಲ. ಆದರೆ ಹಾಗೆ ರುಚಿ ನೋಡುತ್ತ ನೋಡುತ್ತಲೇ ಅವರ ಮುಖ ಬದಲಾಯಿತು. ಕೊನೆಯ ಚೂರನ್ನು ಉಗುಳಲೇ ಇಲ್ಲ; ನುಂಗಿಬಿಟ್ಟರು.

"ಎಳಿ ಸವತಿಕಾಯಿ ಆಗೇತಲ್ಲ ಇದು! ಪಚಡಿ ಮಾಡೋಣೇನು?"

ಅಲ್ಲಿಂದ ಮನೆಯ ಅಡುಗೆಯೆಲ್ಲ ಎಳೆಗುಂಬಳದ್ದೇ ಆಯಿತು. ಹಸಿಯಾಗಿ ಹೆಚ್ಚಿ, ಉಳ್ಳಾಗಡ್ಡಿ, ಗುರೆಳ್ಳಿನ ಪುಡಿ, ಹಸಿ ಎಣ್ಣೆ ಕಲಸಿದ ಪಚಡಿ ಎಲ್ಲರಿಗೂ ಹಿಡಿಸಿತು. ನಿಂಬೆಯಷ್ಟಿದ್ದವನ್ನು ಬದನೆಕಾಯಿಯ ಹಾಗೆ ನಾಲ್ಕು ಸೀಳು ಮಾಡಿ, ಶೇಂಗಾಪುಡಿಯ ಮಸಾಲೆ ತುಂಬಿ ಎಣ್ಣೆಗಾಯಿ ಮಾಡಿ ಪಕ್ಕದ ಮನೆಗೂ ಕೊಟ್ಟೆವು. ಸಿಪ್ಪೆ ತೆಗೆಯುವ ಕೆಲಸವೇ ಇಲ್ಲ. ಬಾದಾಮಿಯಿಂದ ಬಂದ ಗಂಡ ತಿಂದು, "ಬದ್ನಿಕಾಯಿ ಇಷ್ಟ್ ಮೆತ್ತಗ ಎಲ್ಲಿ ಸಿಕ್ತು?" ಎಂದರು. ಹೇಳಿದರೂ ನಂಬಲಿಲ್ಲ. ತುರಿದು ಜೋಳದ ಹಿಟ್ಟಿಗೆ ಹಾಕಿ ತಟ್ಟಿದ ತಾಲಿಪಟ್ಟು ಪರವಾಗಿಲ್ಲ ಅನ್ನುವಂತಿತ್ತು. ತುರಿ ನೀರು ಬಿಟ್ಟು ಹಿಟ್ಟು ಸಡಿಲಾಗಿತ್ತು. ಮುಂದಿನ ಸಲ ಹಿಂಡಿ ಹಾಕಿದೆ.

ಹಲ್ವಾ ಮಾಡುವ ಹಟ ನನ್ನದು. ಹಣ್ಣಾದ ಕುಂಬಳದ್ದು ಆಗುತ್ತದೆ ಎಂದರೆ ಎಳೆಯದು ಯಾಕಾಗಬಾರದು? ತುಪ್ಪ ಸುರಿದೆ, ಸಕ್ಕರೆ ಸುರಿದೆ, ಏಲಕ್ಕಿ ಹಾಕಿದೆ. ಹಸಿರು ಮುದ್ದೆಯೊಂದು ಬಂತು, ಸಕ್ಕರೆಯ ಸಿಹಿ ಒಂದು ಕಡೆ, ಹಸಿ ವಾಸನೆ ಒಂದು ಕಡೆ. ಅತ್ತೆ ಒಂದು ಚಮಚ ತಿಂದು ಪಕ್ಕದ ಮನೆಯ ಕಡೆ ಕೈ ತೋರಿಸಿದರು. "ಇದನ್ನ ಮಾತ್ರ ಅಲ್ಲಿ ಕೊಡಬ್ಯಾಡ. ಬೀಗರು ಬರಾವ್ರು ಅದಾರ."

ಅಲ್ಲಿ ಕೊಟ್ಟದ್ದು ಚೆಂಡಿನಷ್ಟಿದ್ದ ಕಾಯಿಗಳನ್ನು. ಬೀಗರು ಬಂದ ದಿನ ಅಕ್ಕ ದಾಲ್ಚಾಕ್ಕೆ ಸೋರೆಕಾಯಿಯ ಬದಲು ಅವನ್ನೇ ಹಾಕಿದರು. ದಾಲ್ಚಾ ಅಂದರೆ ಬೇಳೆ ಮಾಂಸ ಸೇರಿಸಿ ಹುಣಸೆಹುಳಿ ಹಿಂಡಿ ಕುದಿಸುವ ಸಾರು. ಹೋಳು ಕರಗದೆ ನಿಂತು ಹುಳಿಯನ್ನೆಲ್ಲ ಹೀರಿಕೊಂಡಿತ್ತಂತೆ. ನಮಗಾಗಿ ಮಾಂಸವಿಲ್ಲದ ಬೇಳೆಯದ್ದೇ ಒಂದು ಪಾತ್ರೆ ಬೇರೆ ಮಾಡಿ ಕಳಿಸಿದ್ದರು. ಅತ್ತೆ ಅನ್ನದ ಮೇಲೆ ಸುರಿದುಕೊಂಡು ಎರಡು ಸಲ ಉಂಡರು.

ದೊಡ್ಡವುಗಳಲ್ಲಿ ಎರಡನ್ನು ನಾನು ಕೊಯ್ಯಿಸದೆ ಮೊದಲೇ ತೆಗೆದಿಟ್ಟಿದ್ದೆ. ಬಳ್ಳಿ ಬಿಟ್ಟ ಮೇಲೂ ಕಾಯಿ ಹಣ್ಣಾಗುತ್ತದೆಯೇ ಎಂದು ನೋಡುವ ಆಸೆ. ಒಂದಕ್ಕೆ ಉಗುರು ಊರಿದರೆ ಸಲೀಸಾಗಿ ಇಳಿಯುತ್ತಿತ್ತು, ಇನ್ನೊಂದರ ಸಿಪ್ಪೆ ಸ್ವಲ್ಪ ಗಡಸಾಗಿತ್ತು. ಮಾಳಿಗೆಯಲ್ಲಿ ಬಿಸಿಲು ಬೀಳುವ ಕಡೆ ಚೀಲದ ಮೇಲಿಟ್ಟೆ. ಮೆತ್ತಗಿದ್ದದ್ದು ಸುಕ್ಕುಗಟ್ಟಿ, ತೊಟ್ಟಿನ ಕಡೆಯಿಂದ ಕೊಳೆಯಿತು. ಗಡಸಿನದು ನಿಧಾನವಾಗಿ ಮಣ್ಣುಬಣ್ಣಕ್ಕೆ ತಿರುಗಿತು. ಗಂಡನಿಂದ ಕೊಯ್ಯಿಸಿದಾಗ ಒಳಗೆ ಮಂಕು ಹಳದಿ; ಬೀಜಗಳಿಗೆ ಹೊಟ್ಟೆಯೇ ತುಂಬಿರಲಿಲ್ಲ. ಅತ್ತೆ ಬೀಜವನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಆ ಕಾಯಿಯನ್ನೂ ಹೆಚ್ಚಿ, ಉಳಿದ ದೊಡ್ಡವುಗಳಿಂದ ಹಾಕಿಟ್ಟಿದ್ದ ಕರಿಂಡಿಗೆ ಸೇರಿಸಿದರು. ಹಸಿಮೆಣಸಿನಕಾಯಿ, ಸಾಸಿವೆ, ಅಗಸೆ, ನಿಂಬೆರಸದಲ್ಲಿ ಹಸಿ ತರಕಾರಿ ಹುಳಿಯಲು ಬಿಡುವ ಚಳಿಗಾಲದ ಚಟ್ನಿ ಅದು. ಮೂಗಿಗೇರುವ ಖಾರ.

ಮದುವೆ ಚೆನ್ನಾಗಿ ಆಯಿತು. ಮದುಮಗಳು ಹುನಗುಂದಕ್ಕೆ ಹೋದ ಸ್ವಲ್ಪ ದಿನಕ್ಕೆ ಅತ್ತೆಗೆ ಫೋನು ಮಾಡಿದಳು. "ಅಜ್ಜೀ, ಆ ಎಣ್ಣಿಗಾಯಿ ಮಾಡ್ಬೇಕಂದ್ರ ಬಜಾರದಾಗ ಎಳಿ ಕುಂಬಳ ಸಿಗವಲ್ದು. ಕೇಳಿದ್ರ ಕಾಯಿಪಲ್ಯದವರು ನಗತಾರ."

"ಬಜಾರದಾಗ ಎಲ್ಲಿ ಸಿಗತಾವ? ಬಳ್ಳಿ ಹಚ್ಚಿದ ಹೊಲಕ್ಕ ಹೋಗು. ಒಂದೊಂದು ಬಳ್ಳಿಗೆ ಒಂದೆರಡ್ ಕಾಯಿ ಬಿಟ್ಟು, ಅವು ದೊಡ್ಡವಾಗ್ಲಿ ಅಂತ ಉಳಿದದ್ದ ಹರಿದು ಒಗೀತಾರ. ಅವನ್ನ ಕೇಳು."

ಅವಳ ಮಾವನ ಕಡೆಯವರದೇ ಒಂದು ಹೊಲವಿತ್ತು, ಅಲ್ಲಿ ಕುಂಬಳವೂ ಇತ್ತು. ಮುಂದಿನ ವಾರ ಮತ್ತೆ ಫೋನು ಬಂತು. ಅತ್ತೆ ಸ್ಪೀಕರ್ ಹಾಕಿದರು. ಹರಿದ ಕಾಯಿಯನ್ನೆಲ್ಲ ಅವರು ಇಷ್ಟು ವರ್ಷ ಎಮ್ಮೆಗೆ ಹಾಕುತ್ತಿದ್ದರಂತೆ. ಈಗ ಅವಳ ಅತ್ತೆ ಒಂದು ಬುಟ್ಟಿ ಮನೆಗೆ ಕಳಿಸಿ ಎಂದು ಹೇಳಿಕಳಿಸುತ್ತಾರಂತೆ. "ಎಮ್ಮಿಗೆ ಸಿಟ್ಟು ಬಂದೈತಿ ಅಜ್ಜೀ" ಎಂದು ಅವಳು ನಗುತ್ತಿದ್ದಳು. ಗೋಡೆಯ ಆ ಕಡೆಯಿಂದ ಅವಳ ತಾಯಿಯೂ ನಗುವುದು ಕೇಳಿಸಿತು.